ಎರಡು ಬಾಗಿಲಿನ ಗೂಡು

ಕಟ್ಟಡಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂಬುದು ನನ್ನ ಬಹುಕಾಲದ ಗುಮಾನಿ. ಆಸ್ಪತ್ರೆಗೆ ಹೋದರೆ ಡಾಕ್ಟರ ಕೋಣೆಯ ಬದಲು ಔಷಧಿ ಉಗ್ರಾಣ ಸೇರುತ್ತೇನೆ. ಛತ್ರಕ್ಕೆ ಹೋದರೆ ಊಟದ ಹಾಲಿನ ಬದಲು ಪಾತ್ರೆ ತೊಳೆಯುವ ಕಡೆ ತಲುಪಿರುತ್ತೇನೆ. "ಬೋರ್ಡ್ ಓದಬಾರದೇನ್ರೀ?" ಎನ್ನುತ್ತಾಳೆ ಹೆಂಡತಿ ಸುಮಾ. ಓದುತ್ತೇನೆ. ಓದಿದ ಮೇಲೆ, ಇದು ತೆಗೆಯಲು ಮರೆತ ಹಳೇ ಬೋರ್ಡಾಗಿದ್ದರೆ ಎಂಬ ಚಿಂತೆ ಹತ್ತಿಕೊಳ್ಳುತ್ತದೆ.

ನಾವಿರುವುದು ಟಿಲ್‌ಬರ್ಗ್‌ನಲ್ಲಿ. ಎಲ್ಲಿ ಕಾಲಿಟ್ಟರೂ ಕಾಲುವೆಯಿರುವ ಈ ಡಚ್ ದೇಶದಲ್ಲಿ ಮಕ್ಕಳಿಗೆ ಈಜಿನ ಡಿಪ್ಲೊಮಾ ಎಂದರೆ ಅಕ್ಷರಾಭ್ಯಾಸವಿದ್ದ ಹಾಗೆ. ಪರೀಕ್ಷೆಗೆ ಶರಟು, ಪ್ಯಾಂಟು, ತೊಳೆದ ಶೂ ಸಮೇತ ನೀರಿಗಿಳಿಯಬೇಕು. ಕಾಲುವೆಗೆ ಬೀಳುವವರು ಬಟ್ಟೆ ಬದಲಿಸಿಕೊಂಡು ಬೀಳುವುದಿಲ್ಲವಲ್ಲ! ಆಮೇಲೆ ನೀರೊಳಗೆ ಇಳಿಬಿಟ್ಟ ಪರದೆಯ ತೂತಿನಲ್ಲಿ ನುಸುಳಿ ಆಚೆ ಏಳಬೇಕು. ಒಂಬತ್ತು ವರ್ಷದ ನನ್ನ ಮಗಳು ನಿಧಿ ಹೋದ ಸಲ ಫೇಲಾದದ್ದು ಇಲ್ಲೇ. ತಪ್ಪು ಅವಳದಲ್ಲ. ಅವಳು ಉಸಿರು ಬಿಗಿಹಿಡಿದು ಇನ್ನೇನು ಮುಳುಗಬೇಕು, ಗ್ಯಾಲರಿಯಲ್ಲಿದ್ದ ನಾನು ಎದ್ದು ನಿಂತು "ನಿಧೀ, ಹುಷಾರು!" ಎಂದು ಕೂಗಿದೆ. ಅವಳು ಮೇಲೆ ನೋಡಿದಳು, ನೀರು ಕುಡಿದಳು. ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು.

ಈ ಸಲ ಷರತ್ತಿತ್ತು. "ಅಪ್ಪಾ, ಸುಮ್ನೆ ಗ್ಯಾಲರಿಲಿ ಕೂತ್ಕೋಬೇಕು. ನೋ ಶೌಟಿಂಗ್. ಪ್ರಾಮಿಸ್?"

"ಪ್ರಾಮಿಸ್" ಎಂದೆ.

ನಮ್ಮ ಕೊಳ ರಿಪೇರಿಯಲ್ಲಿದ್ದುದರಿಂದ ಪರೀಕ್ಷೆ ಪಕ್ಕದೂರಿನ ಹಳೆಯ ಈಜುಮನೆಯಲ್ಲಿ. ಮುತ್ತಜ್ಜನ ಕಾಲದ ಕೆಂಪು ಇಟ್ಟಿಗೆಯ ಕಟ್ಟಡ. ಒಳಗೆ ಹಸಿರು ಟೈಲ್ಸಿನ ಗೋಡೆ, ಮೇಲೆ ಗಾಜಿನ ಕಮಾನು ಸೂರು. ಕೊಳದ ಎರಡೂ ಬದಿಗೆ ಬಟ್ಟೆ ಬದಲಿಸುವ ಮರದ ಗೂಡುಗಳ ಸಾಲು, ಒಂದೊಂದಕ್ಕೂ ಎರಡೆರಡು ಬಾಗಿಲು. ಹಿಂದಿನ ಓಣಿಯಿಂದ ಶೂ ಹಾಕಿಕೊಂಡು ಒಳಹೋಗಿ, ಮುಂದಿನ ಬಾಗಿಲಿನಿಂದ ಬರಿಗಾಲಲ್ಲಿ ಕೊಳಕ್ಕೆ ಬರುವುದು. ಬೀದಿಯ ಕೊಳೆ ನೀರಿನ ಹತ್ತಿರ ಸುಳಿಯಬಾರದು. ನಮ್ಮಜ್ಜಿ ನೋಡಿದ್ದರೆ ಆ ಎಂಜಿನಿಯರಿಗೆ ಕೈಯೆತ್ತಿ ಮುಗಿಯುತ್ತಿದ್ದಳು. ಆದರೆ ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ತಾಯಿ ಮಗಳು ಮುಂದೆ ಹೋಗಿದ್ದರು. ನಾನು ಕಾರಿಗೆ ಜಾಗ ಹುಡುಕಿ ಬಂದೆ. ಒಳಗೆ ಫಳಫಳ ಹೊಳೆಯುವ ನೆಲ, ಮಂಟಪದಂಥ ಕಂಬಗಳು. ನನ್ನ ಕಾಲುಗಳು ನನ್ನನ್ನು ಕೇಳಲೇ ಇಲ್ಲ. ಶೂ ಸಾಕ್ಸು ಕಳಚಿ ಗೋಡೆ ಪಕ್ಕ ಜೋಡಿಸಿಟ್ಟವು. ಹೊಳೆಯುವ ನೆಲ ಕಂಡರೆ ನಮ್ಮ ಪಾದಗಳಿಗೆ ಇನ್ನೇನು ತಾನೇ ಗೊತ್ತು? ಅಲ್ಲಿದ್ದ ಹೆಂಗಸನ್ನು "ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ. ಆಕೆ ನನ್ನ ಬರಿಗಾಲು ನೋಡಿ ಗೂಡೊಂದನ್ನು ತೋರಿಸಿದಳು. ಗ್ಯಾಲರಿಗೆ ಇದೇ ದಾರಿಯಿರಬೇಕೆಂದು ಹೊಕ್ಕೆ. ಒಳಗೆ ಗೋಡೆಗೆ ಮಡಚಿಟ್ಟ ಒಂದು ಹಲಗೆ. ಕೂರಲೆಂದು ಕೆಳಗೆಳೆದದ್ದೇ ತಡ, ಅದು ಎರಡೂ ಬಾಗಿಲಿಗೆ ಅಡ್ಡಲಾಗಿ ಅಗುಳಿಯ ಹಾಗೆ ಬಿತ್ತು. ಕೂರುವುದಕ್ಕೂ ಬಾಗಿಲು ಹಾಕುವುದಕ್ಕೂ ಒಂದೇ ಹಲಗೆ ಮಾಡಿದ ಪುಣ್ಯಾತ್ಮ ಯಾರೋ! ಗುದ್ದಾಡಿ ಎತ್ತಿ, ಕೈಗೆ ಸಿಕ್ಕ ಬಾಗಿಲು ತಳ್ಳಿದೆ. ಎದುರಿಗೇ ನೀರು.

ಕೊಳದಂಚಿನಲ್ಲಿ ಶರಟು ಪ್ಯಾಂಟು ತೊಟ್ಟ ಏಳೆಂಟು ಜನ ದೊಡ್ಡವರು ಸಾಲಾಗಿ ನಿಂತಿದ್ದರು. ಅವತ್ತು ದೊಡ್ಡವರ ಪರೀಕ್ಷೆಯೂ ಇತ್ತಂತೆ. ಈಜು ಮೇಷ್ಟ್ರು, ಇಲ್ಲಿಯವರ ಬಾಯಲ್ಲಿ ಬಾಡ್‌ಮೇಸ್ಟರ್, ನನ್ನ ತೋಳು ಹಿಡಿದು ಸಾಲಿನ ಕೊನೆಗೆ ನಿಲ್ಲಿಸಿ, "ನಿಮ್ಮ ಶೂ ಎಲ್ಲಿ?" ಎಂದರು.

"ನಾನು ಪರೀಕ್ಷೆಗೆ ಬಂದವನಲ್ಲ, ಬರೀ ಒಂದು ಹುಡುಗಿಯ ಅಪ್ಪ" ಎಂದೆ ಇಂಗ್ಲಿಷಿನಲ್ಲಿ.

"ಇಲ್ಲಿರುವವರೆಲ್ಲ ಯಾರೋ ಒಬ್ಬರ ಅಪ್ಪಂದಿರೇ. ಧೈರ್ಯ ತಂದುಕೊಳ್ಳಿ."

ಕೊನೇ ಗಳಿಗೆಯಲ್ಲಿ 'ನಾನು ಅವನಲ್ಲ' ಎನ್ನುವವರನ್ನು ಅವರು ಬಹಳ ನೋಡಿದ್ದರಂತೆ. ನಾನು ದನಿ ಏರಿಸಿದಷ್ಟೂ ಅವರು ಬೆನ್ನು ತಟ್ಟಿದರು. ಅಷ್ಟರಲ್ಲಿ ಗ್ಯಾಲರಿಯಿಂದ ಸುಮಾ, "ರೀ! ಅಲ್ಲೇನ್ ಮಾಡ್ತಿದೀರಾ?" ಎಂದಳು. ಆ ಕಮಾನು ಸೂರು ಅದನ್ನು ನಾಲ್ಕು ಸಲ ಎಲ್ಲರಿಗೂ ಕೇಳಿಸಿತು. "ಅವಳೇ ನನ್ನ ಹೆಂಡತಿ, ಕೇಳಿ ನೋಡಿ!" ಎಂದು ನಾನು ಗೋಗರೆಯುತ್ತಿರುವಾಗ ಕೊಳದ ಆ ತುದಿಯಲ್ಲಿ ಚಪ್ಪಾಳೆ ಬಿತ್ತು.

ಶೂ ಪಚಪಚ ಎನ್ನಿಸುತ್ತ ನಿಧಿ ಬಂದಳು. "ಅಪ್ಪಾ, ಪಾಸ್! ನೋಡಿದ್ಯಾ?" ಆಗ ಮೇಷ್ಟ್ರು ನನ್ನನ್ನು ಬಿಟ್ಟರು.

"ನೋಡ್ದೆ ಪುಟ್ಟಾ."

"ಸುಳ್ಳು. ನೀನು ಜಗಳ ಆಡ್ತಿದ್ದೆ. ನನ್ನ ಕಡೆ ನೋಡ್ಲೇ ಇಲ್ಲ. ಅದಕ್ಕೇ ಆರಾಮಾಗಿ ಹೋದೆ."

ಈ ಮಾತು ನನಗೆ ಇನ್ನೂ ಅರಗಿಲ್ಲ. ತಾಯಿ ಮಗಳಿಗೆ ಮಾತ್ರ ಅರಗಿದೆ: ಮುಂದಿನ ಹಂತದ ಡಿಪ್ಲೊಮಾ ಹೊತ್ತಿಗೆ ನನಗೂ ಕೈತುಂಬ ಕೆಲಸವಿರಲಿ ಎಂದು ದೊಡ್ಡವರ ಈಜು ತರಗತಿಗೆ ನನ್ನ ಹೆಸರು ಬರೆಸಲು ಫಾರಂ ತಂದಿದ್ದಾರೆ. ನಾನು ತಕರಾರು ಮಾಡಲಿಲ್ಲ. ಗಂಟಲು ಸರಿಮಾಡಿಕೊಂಡು, "ಮಗಳಿಗೋಸ್ಕರ ಮುಳುಗೋದಕ್ಕೂ ಸಿದ್ಧ ಕಣೇ" ಎಂದೆ.

ಸುಮಾ ಫಾರಂನಿಂದ ತಲೆಯೆತ್ತದೆ ಹೇಳಿದಳು: "ಅದನ್ನ ಯಾರೂ ಹೇಳ್ಕೊಡದೇನೇ ಮಾಡ್ತೀರ. ತೇಲೋದು ಕಲೀಲಿ ಅಂತ ಫಾರಂ ತುಂಬ್ತಿರೋದು."