ಎಂಜಲಾಗದ ಕಣ್ಣು

ಗ್ರೀಸ್ ದೇಶದ ಬಗ್ಗೆ ಹಾಸನ ಜಿಲ್ಲೆಯಲ್ಲಿ ಯಾರಿಗಾದರೂ ಸಂಶಯವಿದ್ದರೆ ನಮ್ಮ ಭಾವನವರನ್ನು ಕೇಳಬೇಕು. ಯಾವ ದ್ವೀಪದಿಂದ ಯಾವ ದ್ವೀಪಕ್ಕೆ ಬೆಳಗಿನ ಹಡಗು ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾವ ಬಂದರಿನಲ್ಲಿ ಇಳಿದ ಕೂಡಲೇ ಎಡಕ್ಕೆ ತಿರುಗಬೇಕು, ಯಾವ ಊರಿನ ಹೋಟೆಲಿನವನು ಸಮುದ್ರ ಕಾಣುವ ಕೋಣೆ ಎಂದು ಹೇಳಿ ಗೋಡೆ ಕಾಣುವ ಕೋಣೆ ಕೊಡುತ್ತಾನೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ಅಲ್ಲಿಗೆ ಎಷ್ಟು ಸಲ ಹೋಗಿಬಂದಿರಿ ಎಂದು ಮಾತ್ರ ಕೇಳಬಾರದು. ಅದು ಅವಿವೇಕ. ಒಂದು ದೇಶವನ್ನು ಇಷ್ಟು ಚೆನ್ನಾಗಿ ತಿಳಿದವರು ಮತ್ತೆ ಅಲ್ಲಿಗೆ ಹೋಗುವ ಅಗತ್ಯವಾದರೂ ಏನು?

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಪಾಳ್ಯ ಎಂಬ ಊರಿನಿಂದ ಒಳಗೆ, ಗದ್ದೆಬಯಲು ಮುಗಿದು ಗುಡ್ಡ ಏಳುವಲ್ಲಿ ಅವರ ಕಾಫಿ ಜಮೀನು. ಅದನ್ನು ಅವರು ಎಸ್ಟೇಟ್ ಎನ್ನುತ್ತಾರೆ. ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಕೂತು ಅದರ ಪಹಣಿ ನೋಡಿದವನಾದ್ದರಿಂದ ನಾನು ತೋಟ ಎನ್ನುತ್ತೇನೆ. ನಮ್ಮಿಬ್ಬರ ನಡುವಿನ ಮನಸ್ತಾಪಕ್ಕೆ ಇದೊಂದೇ ಕಾರಣವಲ್ಲ. ಮುಖ್ಯ ಕಾರಣ ಗ್ರೀಸ್.

ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ಏಕಾಏಕಿ ಬೆಲೆ ಬಂತಲ್ಲ, ಆಗ ನಮ್ಮ ಕಡೆಯವರಿಗೆಲ್ಲ ಒಂದೊಂದು ಬಗೆಯ ಜ್ವರ ಹತ್ತಿತು. ಒಬ್ಬರು ಕಾರು ಕೊಂಡು ಅದನ್ನು ನಿಲ್ಲಿಸಲು ಮನೆಗಿಂತ ದೊಡ್ಡ ಶೆಡ್ಡು ಕಟ್ಟಿಸಿದರು. ಇನ್ನೊಬ್ಬರು ಮನೆಗೆ ಅಮೃತಶಿಲೆ ಹಾಸಿಸಿ, ಅದರ ಮೇಲೆ ಹೆತ್ತ ತಾಯಿಯನ್ನೇ ಜಾರಿಸಿ ಸೊಂಟ ಮುರಿದರು. ಭಾವನವರದು ಸಾತ್ವಿಕ ಜ್ವರ. ಔಷಧಿ ಹೊಡೆಯುವ ಪಂಪಿನ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರಿನಲ್ಲಿ ಬಿಳಿ ಬಿಳಿ ಮನೆಗಳೂ ಅವುಗಳ ಕೆಳಗೆ ನೀರೂ ಇದ್ದವು. ನೀರೆಂದರೆ ಎಂಥ ನೀಲಿ! ಕಾಫಿ ಗಿಡಕ್ಕೆ ಹೊಡೆಯಲು ಡ್ರಮ್ಮಿನಲ್ಲಿ ಕರಗಿಸುವ ಮೈಲುತುತ್ತದ ನೀಲಿ. ಭಾವ ಆ ಹಾಳೆಯನ್ನು ವರ್ಷವಿಡೀ ತಿರುವಲಿಲ್ಲ. ಅವರ ಮನೆಯಲ್ಲಿ ಆ ವರ್ಷ ಯುಗಾದಿಯೂ ಜನವರಿಯಲ್ಲೇ ನಡೆಯಿತು, ದೀಪಾವಳಿಯೂ ಜನವರಿಯಲ್ಲೇ.

ಅವರು ಗ್ರೀಸ್ ಯಾತ್ರೆಯನ್ನು ಘೋಷಿಸಿದ ದಿನ ನಾನೂ ಅಲ್ಲಿದ್ದೆ. ಅಕ್ಕ ಚಕ್ಕುಲಿ ತಂದಿಟ್ಟು, ಅಲ್ಲೇನೈತೆ ಅಂತ ಅಷ್ಟು ದೂರ ಹೋಗ್ಬೇಕು ಎಂದು ಕೇಳಿದಳು. ಸಮುದ್ರ ಎಂದರು. ಸಮುದ್ರ ಮಂಗಳೂರಲ್ಲೂ ಐತಲ್ಲ, ಬೆಳಿಗ್ಗೆ ಹೋಗಿ ಸಂಜೆ ಬರಬೌದು ಎಂದಳು. ಭಾವ ಅವಳನ್ನು ಕನಿಕರದಿಂದ ನೋಡಿದರು.

“ನೀನು ಸಮುದ್ರ ನೋಡಿದೀಯಾ?”

ಅಕ್ಕ ಒಂದು ಗಳಿಗೆ ಅವರ ಮುಖವನ್ನೇ ನೋಡಿ, “ಇಲ್ಲ” ಎಂದಳು. ನಾನು ಬಾಯಿ ತೆರೆದೆ. ಅವಳು ಚಕ್ಕುಲಿ ತಟ್ಟೆಯನ್ನು ನನ್ನ ಗದ್ದಕ್ಕೆ ತಾಗುವಷ್ಟು ಹತ್ತಿರ ದೂಡಿದಳು. ಮುಚ್ಚಿದೆ.

“ಹಂಗಾರೆ ಒಳ್ಳೇದಾಯ್ತು,” ಎಂದರು ಭಾವ. “ನೋಡಿದ್ರೆ ಮೊದಲನೇ ಸಲ ಅದನ್ನೇ ನೋಡ್ಬೇಕು. ಈ ಮಂಗಳೂರಿಂದು ನೋಡ್ಬುಟ್ರೆ ಕಣ್ಣು ಎಂಜಲಾಯ್ತದೆ ಕಣೆ.”

ಅಂದಿನಿಂದ ನನ್ನ ಅಕ್ಕನಿಗೆ ಸಮುದ್ರ ನಿಷಿದ್ಧವಾಯಿತು. ದೇವರಿಗೆ ಮೀಸಲಿಟ್ಟ ಬಾಳೆಗೊನೆಯನ್ನು ಮಕ್ಕಳು ಮುಟ್ಟದಂತೆ ಕಾಯುವ ಹಾಗೆ ಭಾವ ಅವಳ ಕಣ್ಣನ್ನು ಕಾದರು. ಧರ್ಮಸ್ಥಳದವರೆಗೆ ಅವಳಿಗೆ ಅಪ್ಪಣೆ, ಅಲ್ಲಿಂದ ಮುಂದೆ ಗಡಿ. ಟೀವಿಯಲ್ಲಿ ಅಲೆ ಕಂಡರೆ ಭಾವ ಎದ್ದು ಆರಿಸುತ್ತಿದ್ದರು. ಬಿಸಿಲೆ ಘಾಟಿಗೆ ಮಾತ್ರ ತಾವೇ ಕರೆದುಕೊಂಡು ಹೋದರು. ಅಲ್ಲಿ ಬೆಳಗಿನ ಮಂಜು ಕಣಿವೆ ತುಂಬಿ ಬೆಟ್ಟದ ತುದಿಗಳಷ್ಟೇ ಮೇಲೆ ಉಳಿದಾಗ, ದ್ವೀಪಗಳು ಎಂದರೆ ಹೀಗೆಯೇ ಎಂದು ಕೋಲು ಚಾಚಿ ಒಂದೊಂದಕ್ಕೂ ಗ್ರೀಕ್ ಹೆಸರು ಹೇಳಿ ಪಾಠ ಮಾಡಿದರಂತೆ. ಕಂಬಳಿ ತರಬೇಕಿತ್ತು ಎಂದಳಂತೆ ಅಕ್ಕ.

ತರಬೇತಿ ಅಲ್ಲಿಗೇ ನಿಲ್ಲಲಿಲ್ಲ. ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು, ಹಡಗು ತೂಗುತ್ತದೆ, ಅಭ್ಯಾಸವಿಲ್ಲದವರಿಗೆ ವಾಂತಿಯಾಗುತ್ತದೆ ಎಂದು ಎಲ್ಲೋ ಓದಿದರು. ಮಾರನೆಯ ದಿನವೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅಕ್ಕನನ್ನು ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಆಳುಗಳ ಲೈನ್ ಮನೆಗಳ ಹಿಂದಿನ ಕೊರಕಲು ದಾರಿಯಲ್ಲಿ ತಾವೇ ಓಡಿಸಿದರು. ಲೈನಿನ ಹೆಂಗಸರು ಯಜಮಾನ್ತಿಗೆ ಏನೋ ಆಗಿ ಆಸ್ಪತ್ರೆಗೆ ಒಯ್ಯುತ್ತಿದ್ದಾರೆಂದು ಅಳುತ್ತ ಹಿಂದೆ ಓಡಿಬಂದರಂತೆ. ಅಕ್ಕ ಕಾಫಿ ದಾಸ್ತಾನಿನ ಸ್ಟೋರಿನ ಮುಂದೆ ಇಳಿದು ವಾಂತಿ ಮಾಡಿದಳು. ಪರವಾಗಿಲ್ಲ, ನಿನ್ನೆಗಿಂತ ಸುಧಾರಿಸಿದೆ ಎಂದು ಭಾವ ಎರಡನೆಯ ದಿನ ತೃಪ್ತಿ ಸೂಚಿಸಿದರು. ಯಾವುದೋ ದೇಶದ ಹೆಸರಿನಲ್ಲಿ ನನ್ನ ಒಡಹುಟ್ಟಿದವಳು ಪಾಳ್ಯದ ಗುಡ್ಡದಲ್ಲಿ ಹೊಟ್ಟೆ ಬರಿದು ಮಾಡಿಕೊಳ್ಳುತ್ತಿದ್ದಳು, ನಾನು ಸುಧಾರಣೆಯ ವರದಿ ಕೇಳುತ್ತಿದ್ದೆ!

ಅಲ್ಲಿನ ಊಟ ಅಭ್ಯಾಸವಾಗಲೆಂದು ಬೆಂಗಳೂರಿನಿಂದ ಒಂದು ಬಾಟಲಿ ಆಲಿವ್ ಕಾಯಿ ತರಿಸಿದರು. ನೋಡಲು ನೇರಳೆ, ಬಾಯಿಗಿಟ್ಟರೆ ಪಶ್ಚಾತ್ತಾಪ. ಅಕ್ಕ ಅದಕ್ಕೆ ಸಾಸಿವೆ, ಖಾರದಪುಡಿ, ಇಂಗಿನ ಒಗ್ಗರಣೆ ಕೊಟ್ಟು ಉಪ್ಪಿನಕಾಯಿ ಹಾಕಿದಳು. ಆ ಸಾಹಸದಲ್ಲಿ ಯಶಸ್ವಿಯಾದ ಭಾಗ ಇದೊಂದೇ.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಹೊರಡುವುದಕ್ಕೇನು ಅಡ್ಡಿ ಎಂದು ನೀವು ಕೇಳಬಹುದು. ಕಾಫಿ ಬೆಳೆಯದವರು ಹೀಗೆಯೇ ಕೇಳುವುದು. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಂದು ಹದವಾದ ಮಳೆ ಬಿದ್ದು ಗಿಡ ಹೂ ಬಿಡಬೇಕು. ಅದು ಹೂಮಳೆ. ಅದು ಬೀಳುವವರೆಗೆ ಕಾಫಿಯವನು ಊರು ಬಿಡುವುದಿಲ್ಲ. ಬಿದ್ದರೆ, ಹಿಡಿದ ಕಾಯಿ ನಿಲ್ಲಲು ಅದರ ಬೆನ್ನಿಗೇ ಇನ್ನೊಂದು ಬೀಳಬೇಕು. ಅಲ್ಲಿಯವರೆಗೂ ಬಿಡುವುದಿಲ್ಲ. ಅಷ್ಟರಲ್ಲಿ ಮುಂಗಾರು. ಮಳೆಗಾಲದಲ್ಲಿ ಮರ ಬೀಳುತ್ತದೆ, ಕಾಯಿ ಕೊಳೆಯುತ್ತದೆ. ಮಳೆ ನಿಂತರೆ ಕಳೆ, ಕಳೆ ತೆಗೆದರೆ ಕೊಯ್ಲು. ನಮಗೆ ಬಿಸಿಲಿದ್ದಾಗ ಗ್ರೀಸಿನಲ್ಲಿ ಚಳಿಯೆಂದು ಹೋಟೆಲು ಮುಚ್ಚಿರುತ್ತಾರೆ, ಅವರಿಗೆ ಬಿಸಿಲು ಬಂದಾಗ ನಮ್ಮ ದಾರಿಗೆ ಮರ ಬಿದ್ದಿರುತ್ತದೆ. ಹಾಸನದ ಟ್ರಾವೆಲ್ ಏಜೆಂಟು ಯಾವ ತಾರೀಖಿಗೆ ಟಿಕೇಟು ಹಾಕಲಿ ಎಂದು ಕೇಳಿದರೆ ಭಾವ, ಹೂಮಳೆ ಬಿದ್ದು ಅದರ ಬೆನ್ನಿನ ಮಳೆಯೂ ಬಿದ್ದ ಮಾರನೆಯ ದಿನಕ್ಕೆ ಎಂದರು. ಅದು ಯಾವತ್ತು ಸಾರ್ ಎಂದು ಅವನು ಪಾಪ ಕಂಪ್ಯೂಟರಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದನಂತೆ. ಆ ಬೆರಳು ಹಾಗೆಯೇ ಇದ್ದಂತೆ ವರ್ಷಗಳು ಕಳೆದವು. ಯಾತ್ರೆಗೆಂದು ಕೊಂಡ ಕೆಂಪು ಸೂಟ್‌ಕೇಸಿನಲ್ಲಿ ಅಕ್ಕ ಕಾಳುಮೆಣಸು ತುಂಬಿಟ್ಟಳು. ಇಲಿ ಹೋಗುವುದಿಲ್ಲವಂತೆ, ಬಹಳ ಒಳ್ಳೆಯ ಸೂಟ್‌ಕೇಸು.

ಈ ಮಧ್ಯೆ ನಮ್ಮ ಕಡೆಯ ಹುಡುಗಿಯೊಬ್ಬಳ ಮದುವೆ ಮಂಗಳೂರಿನಲ್ಲಿ ಆಯಿತು. ಛತ್ರ ಇದ್ದದ್ದು ಸಮುದ್ರದ ದಡದಲ್ಲೇ. ಹೋಗದಿದ್ದರೆ ಸಂಬಂಧ ಕೆಡುತ್ತದೆ, ಹೋದರೆ ಕಣ್ಣು ಕೆಡುತ್ತದೆ. ಭಾವ ಕೊನೆಗೆ ಹೊರಟರು. ಬಸ್ಸಿನಲ್ಲಿ ಅಕ್ಕನನ್ನು ಗುಡ್ಡದ ಬದಿಗೆ ಕೂರಿಸಿದರು. ಛತ್ರದಲ್ಲಿ ಪಡುವಣ ಕಿಟಕಿಗೆ ಬೆನ್ನು ಕೊಟ್ಟು ಅಕ್ಕ, ಅವಳ ಪಕ್ಕದಲ್ಲಿ ಪೇಪರನ್ನು ಮುಖಕ್ಕೆ ಹಿಡಿದು ಭಾವ. ಧಾರೆಯಾಗಿ ಊಟವಾದ ಮೇಲೆ ಬಸ್ಸಿಗೆ ಬಸ್ಸೇ ನೀರಿಗಿಳಿಯಿತು. ಜನ್ಮದಲ್ಲಿ ಮೊಣಕಾಲು ತೋರಿಸದ ದೊಡ್ಡಮ್ಮಂದಿರು ಸೀರೆ ಎತ್ತಿ ಕಟ್ಟಿ ಕುಣಿದರು. ನನ್ನ ಅಕ್ಕ ಅವರ ಚಪ್ಪಲಿಗಳನ್ನು ಕಾಯುತ್ತ ಕೂತಳು. ಸಂಜೆ ಮಕ್ಕಳು ಒದ್ದೆಯಾಗಿ ಬಂದಾಗ ಅವರ ಕಾಲಿನ ಮರಳನ್ನು ತನ್ನ ಸೆರಗಿನಿಂದ ಒರೆಸಿದಳು. ಅಷ್ಟೇ ಅವಳ ಪಾಲಿಗೆ ಬಂದ ಸಮುದ್ರ.

ನನಗೆ ತಡೆಯಲಾಗಲಿಲ್ಲ. ಭಾವ ಕೈತೊಳೆಯಲು ಹೋದಾಗ ಅಕ್ಕನನ್ನೇ ಕೇಳಿದೆ. ಏಕೆಂದರೆ ಅವಳು ಸಮುದ್ರ ನೋಡಿದ್ದಳು! ನಾನೇ ಸಾಕ್ಷಿ. ಮನೆಗೆ ಹೆಂಚು ತರಲು ಅಪ್ಪ ಲಾರಿಯಲ್ಲಿ ಮಂಗಳೂರಿಗೆ ಹೋದಾಗ ನಮ್ಮಿಬ್ಬರನ್ನೂ ಕೂರಿಸಿಕೊಂಡಿದ್ದರು. ಅಕ್ಕ ಆಗ ಲಂಗದ ಹುಡುಗಿ. ನೀರು ಕಂಡವಳೇ ಬಟ್ಟೆಯ ಯೋಚನೆಯಿಲ್ಲದೆ ಎದೆಮಟ್ಟ ಓಡಿದ್ದಳು. ಅಪ್ಪ ಜಡೆ ಹಿಡಿದು ಎಳೆದುಕೊಂಡು ಬಂದಿದ್ದರು. ವಾಪಸು ಬರುವಾಗ ಹೆಂಚಿನ ಮೇಲೆ ಕೂತು ದಾರಿಯುದ್ದಕ್ಕೂ ತನ್ನ ತೋಳನ್ನೇ ನೆಕ್ಕುತ್ತಿದ್ದವಳು, ಗುಂಡ್ಯ ದಾಟಿ ಘಾಟಿ ಹತ್ತುವಾಗ, ಉಪ್ಪು ಮುಗಿದುಹೋಯಿತು ಎಂದು ಅತ್ತಿದ್ದಳು. ಅಂಥವಳು ಇಲ್ಲಿ ಚಪ್ಪಲಿ ಕಾಯುವುದೇ?

“ಯಾಕೇ ಸುಳ್ಳು ಹೇಳ್ದೆ ಅವರಿಗೆ?”

“ಕೇಳ್ದಾಗ ಅವರ ಮುಖ ನೀನು ಸರಿಯಾಗಿ ನೋಡ್ಲಿಲ್ಲ,” ಎಂದಳು ಅಕ್ಕ. “ನೋಡಿದ್ರೆ ನೀನೂ ಇಲ್ಲ ಅಂತಿದ್ದೆ. ಈಗ ಬಾಯಿ ಮುಚ್ಕೊಂಡು ಆ ಚಪ್ಪಲಿ ಇತ್ಲಾಗೆ ತಳ್ಳು.”

ಅಂದಿನಿಂದ ನನಗೆ ಭಾವನ ಮೇಲಿದ್ದ ಸಿಟ್ಟು ಎರಡು ಪಟ್ಟಾಯಿತು. ನೋಡದವಳಿಗೆ ತೋರಿಸದಿರುವುದು ಒಂದು ಅಪರಾಧ. ರುಚಿ ಗೊತ್ತಿದ್ದವಳನ್ನು ಬಾಗಿಲಲ್ಲಿ ನಿಲ್ಲಿಸುವುದು ಇನ್ನೊಂದು. ಆ ಮನುಷ್ಯನಾದರೋ ಮಂಗಳೂರಿಗೆ ಕಾಫಿ ಲಾರಿಯ ಹಿಂದೆ ಯಾವಾಗೆಂದರೆ ಆವಾಗ ಹೋಗುತ್ತಾರೆ, ಬರುತ್ತಾರೆ. ತಮ್ಮ ಕಣ್ಣು ಎಂಜಲಾದರೆ ಚಿಂತೆಯಿಲ್ಲ, ಹೆಂಡತಿಯದು ಮಾತ್ರ ಮಡಿಯಲ್ಲಿರಬೇಕು!

ಮುಂದೆ ಕಾಫಿಯ ಬೆಲೆ ಬಂದ ಹಾಗೆಯೇ ಹೋಯಿತು. ಕಾರಿನ ಶೆಡ್ಡಿನಲ್ಲಿ ಸೌದೆ ಒಟ್ಟಿದರು. ಗ್ರೀಸ್ ಇನ್ನು ತೀರಿತು ಎಂದು ನಾನು ಒಳಗೊಳಗೇ ನೆಮ್ಮದಿಪಟ್ಟೆ. ಅಲ್ಲೇ ನಾನು ಎಡವಿದ್ದು. ಕೈ ಆಡುತ್ತಿದ್ದಾಗ ಭಾವನವರದು ಹತ್ತು ದಿನದ ಪ್ರವಾಸ, ಕೈ ಬರಿದಾದ ಮೇಲೆ ಒಂದು ತಿಂಗಳದ್ದು. ಮೊದಲು ಮೂರು ದ್ವೀಪವಿದ್ದವು. ಸಕಲೇಶಪುರದಲ್ಲಿ ಇಂಟರ್‌ನೆಟ್ ಅಂಗಡಿ ತೆರೆದ ಮೇಲೆ ವಾರವಾರ ಒಂದೊಂದು ದ್ವೀಪ ಸೇರಿತು. ಹೋಗುವುದಿಲ್ಲ ಎಂಬುದು ಖಚಿತವಾದ ಮೇಲೆ ಯೋಜನೆಗೆ ಯಾವ ಅಡ್ಡಿಯೂ ಉಳಿಯುವುದಿಲ್ಲವಲ್ಲ! ಅಕ್ಕ ಕೂದಲು ನರೆಸಿಕೊಂಡು, ಮಂಡಿ ಹಿಡಿದುಕೊಂಡು, ಆ ದ್ವೀಪದಲ್ಲಿ ಮೆಟ್ಟಿಲು ಜಾಸ್ತಿಯೇ ಎಂದು ಕೇಳುವಳು. ಕತ್ತೆ ಸಿಗುತ್ತದೆ ಎಂದು ಭಾವ ಧೈರ್ಯ ಹೇಳುವರು. ಹೀಗೆ ನನ್ನ ಅಕ್ಕನ ವಯಸ್ಸು ಹೂಮಳೆಗೆ ಕಾಯುತ್ತ ಒಣಗಿತು. ಈ ವಾಕ್ಯದಲ್ಲಿ ತಮಾಷೆ ಏನೂ ಇಲ್ಲ. ಹುಡುಕಬೇಡಿ.

ಒಂದು ಬೇಸಿಗೆ ಭಾವನಿಗೆ ಎದೆನೋವು ಬಂತು. ಸಕಲೇಶಪುರದ ಡಾಕ್ಟರು ಮಂಗಳೂರಿಗೆ ಕಳಿಸಿದರು. ನನ್ನ ಹಳೆಯ ಕಾರಿನಲ್ಲಿ ನಾನೇ ಕರೆದೊಯ್ದೆ. ಬದುಕಿಕೊಂಡರು. ಮನೆಗೆ ಕಳಿಸುವ ದಿನ ಅಲ್ಲಿನ ಡಾಕ್ಟರು, ಇನ್ನು ವಿಮಾನ, ದೂರದ ಪ್ರಯಾಣ ಎಲ್ಲ ಮರೆತುಬಿಡಿ ಎಂದರು. ಭಾವ ಪರೀಕ್ಷೆಯಲ್ಲಿ ಫೇಲಾದ ಹುಡುಗನಂತೆ ತಲೆಯಾಡಿಸಿದರು. ಅಕ್ಕ ಅವರ ಶರಟಿನ ಗುಂಡಿ ಹಾಕುತ್ತಿದ್ದವಳು ಅದನ್ನು ಬಿಚ್ಚಿ ಮತ್ತೆ ಹಾಕಿದಳು.

ಕಾರು ಹೊರಟಾಗ ನಾನು ಘಾಟಿಯ ಕಡೆ ತಿರುಗಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಭಾವ, ಇದು ಸಕಲೇಶಪುರದ ದಾರಿ ಅಲ್ಲ ಎಂದರು. ಹೌದು ಎಂದೆ. ಇನ್ನೊಂದು ಮಾತು ಹೇಳಿದ್ದರೆ ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬರುತ್ತಿತ್ತು.

ಗಾಳಿಮರಗಳ ಕೆಳಗೆ ಕಾರು ನಿಲ್ಲಿಸಿದೆ. ಎದುರಿಗೇ ಸಮುದ್ರ, ಸಂಜೆಯ ಬಿಸಿಲಿನಲ್ಲಿ, ಮೈಲುತುತ್ತದ ಬಣ್ಣವಲ್ಲ, ಕಲಕಿದ ಕೆರೆಯ ಬಣ್ಣ. ಅಕ್ಕ ಇಳಿದಳು. ಇಳಿದವಳು ಸಮುದ್ರಕ್ಕೆ ಬೆನ್ನು ಹಾಕಿ ಕಾರಿನ ಕಡೆ ಮುಖ ಮಾಡಿ ನಿಂತಳು. ಭಾವ ಸೀಟಿನಲ್ಲೇ ತಲೆ ತಗ್ಗಿಸಿ ತಮ್ಮ ಮಂಡಿ ನೋಡುತ್ತಿದ್ದರು.

“ಇಳೀರಿ ಭಾವ,” ಎಂದೆ. “ನಿಮ್ಮ ಗ್ರೀಸ್ ಮುಗೀತು. ಅಕ್ಕನಾದ್ರೂ ಇದನ್ನ ನೋಡ್ಲಿ.”

“ಅವಳು ನೋಡ್ಲಿ ಬುಡು. ನಾನು ಹಿಂಗೇ ಕೂತಿರ್ತೀನಿ.”

“ನೀವಾದ್ರೋ ಬೇಕಾದಷ್ಟು ಸಲ ನೋಡಿದೀರಿ.”

“ನಾನೆಲ್ಲಿ ನೋಡಿದೀನಿ ಮಾರಾಯ,” ಎಂದರು ಭಾವ, ಮಂಡಿಯಿಂದ ಕಣ್ಣೆತ್ತದೆ. “ಇಬ್ರೂ ಒಟ್ಟಿಗೇ ಮೊದಲನೇ ಸಲ ನೋಡಾಣ ಅಂತ ಇಟ್ಕೊಂಡಿದ್ದೆ.”

ಮದುವೆಯ ಛತ್ರದ ಆ ಪೇಪರು ನನಗೆ ನೆನಪಾಯಿತು. ಮುಖಕ್ಕೆ ಅಷ್ಟು ಹತ್ತಿರ ಹಿಡಿದದ್ದನ್ನು ಯಾರಾದರೂ ಓದಲು ಸಾಧ್ಯವೇ? ಕಾಫಿ ಲಾರಿಯ ಹಿಂದೆ ಹೋದಾಗಲೆಲ್ಲ ಊಟಕ್ಕೂ ನಿಲ್ಲದೆ ಅದೇ ಲಾರಿಯಲ್ಲಿ ಮರಳುತ್ತಿದ್ದದ್ದು, ಅದನ್ನು ನಾನು ಜಿಪುಣತನದ ಲೆಕ್ಕಕ್ಕೆ ಬರೆದುಕೊಂಡದ್ದು, ಎಲ್ಲ ನೆನಪಾಯಿತು. ಬೈಯಲು ತಂದಿದ್ದ ಮಾತುಗಳೆಲ್ಲ ಬಾಯಲ್ಲೇ ಹಳಸಿದವು.

ಅಕ್ಕನಿಗೆ ಇದು ಮೊದಲೇ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಅವಳು ಕಾರು ಸುತ್ತಿ ಬಂದು ಭಾವನ ಬಾಗಿಲು ತೆಗೆದಳು.

“ಬನ್ನಿ. ನಂಗೊಬ್ಳಿಗೇ ಭಯ ಆಯ್ತದೆ. ನೀವು ಮುಂದೆ ನಡೀರಿ.”

ಭಾವ ಇಳಿದರು. ಪ್ಯಾಂಟು ಮಡಿಸಿಕೊಂಡು, ಆಸ್ಪತ್ರೆಯ ಪಟ್ಟಿ ಇನ್ನೂ ಮಣಿಕಟ್ಟಿನಲ್ಲಿರುವಂತೆಯೇ, ಮರಳಿನಲ್ಲಿ ಒಂದೊಂದೇ ಹೆಜ್ಜೆ ಊರುತ್ತ ಮುಂದೆ ನಡೆದರು. ಅಪ್ಪ ಜಡೆ ಹಿಡಿದು ಎಳೆದು ತರಬೇಕಾಗಿದ್ದ ನನ್ನ ಅಕ್ಕ ಅವರ ಶರಟಿನ ಅಂಚು ಹಿಡಿದು ಹಿಂದೆ ಹಿಂದೆ ಹೋದಳು. ಮೊದಲ ಅಲೆ ಪಾದಕ್ಕೆ ಬಂದಾಗ ಎಷ್ಟು ಚೆನ್ನಾಗಿ ಹೆದರಿ ಕೂಗಿಕೊಂಡಳೆಂದರೆ, ಭಾವ ತಕ್ಷಣ ಅವಳ ಭುಜ ಹಿಡಿದು, ಏನೂ ಆಗಲ್ಲ, ಅದು ವಾಪಸ್ ಹೋಯ್ತದೆ ಎಂದು ಸಮಾಧಾನ ಹೇಳಿದರು.

ಆಮೇಲೆ ಅವರು ನಿಧಾನವಾಗಿ ಬಗ್ಗಿ, ನೀರಿನಲ್ಲಿ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿಕೊಂಡರು. ಅಕ್ಕನ ಕಡೆ ತಿರುಗಿದರು.

“ಉಪ್ಪಗೈತೆ ಕಣೆ.”

“ಹೌದಾ?” ಎಂದಳು ನಮ್ಮಕ್ಕ.