ಮಲಗಿದವನನ್ನು ಮಾತಾಡಿಸಲು ಬಂದರು

ಸುಮ್ಮನೆ ಮಲಗುವುದೂ ಒಂದು ಮಹಾಕಾರ್ಯವೆಂದು ಜಗತ್ತಿಗೆ ತೋರಿಸಿಯೇ ತೀರುತ್ತೇನೆಂದು ದಸರೆ ರಜೆಯ ಮೊದಲ ದಿನವೇ ಘೋಷಿಸಿದೆ! ಬಾಗಲಕೋಟೆಯ ನಮ್ಮ ಹವ್ಯಾಸಿ ತಂಡಕ್ಕೆ ಈ ಸಲ ಹೊಸ ನಾಟಕ ಬರೆದುಕೊಡುವ ಭಾರ ನನ್ನದು. ರಜೆ ಮುಗಿಯುವುದರೊಳಗೆ ಕೊಡದಿದ್ದರೆ ಬೇರೆಯವರಿಂದ ಬರೆಸುತ್ತೇವೆಂದು ತಂಡದ ಮುಖ್ಯಸ್ಥ ವಿಕಾಸ ಕಡ್ಡಿ ಮುರಿದ ಹಾಗೆ ಹೇಳಿದ್ದ. ನಾನೋ, ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಬರಿದಾದವನು. ತಲೆಗೆ ಬಿಡುವು ಕೊಟ್ಟರೆ ನಾಟಕ ತಾನಾಗಿ ಉಕ್ಕುತ್ತದೆಂದು ಎಲ್ಲೋ ಓದಿದ್ದೆ. ಮೊಬೈಲು ಬಂದ್ ಮಾಡಿ ಪಡಸಾಲೆಯ ತೂಗುಮಂಚದ ಮೇಲೆ ಅಡ್ಡಾದೆ.

"ಯಾರರೆ ಕೇಳಿದ್ರ ಏನ್ ಹೇಳ್ಲಿ?" ಎಂದಳು ಹೆಂಡತಿ ಶುಭದಾ.

"ವಿಶ್ರಾಂತಿ ತೊಗೊಳ್ಳಿಕತ್ತಾರ ಅಂತ ಹೇಳು. ಖರೇನ ಅದ ಅಲ್ಲ?"

ಆ ಖರೆ ಮಾತೇ ನನ್ನನ್ನು ಮುಳುಗಿಸಿತು. ಪಕ್ಕದ ಮನೆಯ ಫರಹಾನಾ ಕಿಟಕಿಯಿಂದ ಆಗಾಗ ಇಣುಕಿದರು. ನಾನು ಫ್ಯಾನು ದಿಟ್ಟಿಸುತ್ತ ಕದಲದೆ ಬಿದ್ದಿದ್ದೆ. ಏನಾಗಿದೆಯೆಂದು ಕೇಳಿದರೆ ಏನೂ ಆಗಿಲ್ಲವಂತೆ, ಬರೀ ವಿಶ್ರಾಂತಿಯಂತೆ. ಫೋನು ಬೇರೆ ಬಂದ್. ನಮ್ಮ ಕಡೆ ಇದಕ್ಕೆ ಅರ್ಥ ಒಂದೇ: ದೊಡ್ಡ ರೋಗ, ಮುಚ್ಚಿಡುತ್ತಿದ್ದಾರೆ! ಮರುದಿನದಿಂದಲೇ ಮಾತಾಡಿಸುವವರ ದಂಡು ಶುರುವಾಯಿತು. ಗುಳೇದಗುಡ್ಡದಿಂದ ಷಡ್ಡಕ, ಕೆರೂರಿನಿಂದ ಸೋದರಮಾವ, ಕಲಾದಗಿಯಿಂದ ಯಾರೋ, ಅವರ ಗುರುತು ನನಗೆ ಇವತ್ತಿಗೂ ಹತ್ತಿಲ್ಲ. ಎಲ್ಲರ ಕೈಯಲ್ಲೂ ಬ್ರೆಡ್ಡು, ಬಿಸ್ಕೀಟು, ಎಳನೀರು. ಆರಾಮ ಇದ್ದೇನೆ ಎಂದರೆ ಕಣ್ಣೊರೆಸಿಕೊಳ್ಳುವರು. ಹೀಗೇ ಆರಾಮ ಇದ್ದೇನೆ ಎನ್ನುತ್ತಲೇ ತೀರಿಕೊಂಡವರ ಕಥೆಗಳನ್ನು ನನ್ನ ಕಾಲ ಬಳಿಯೇ ಕೂತು ಹೇಳುವರು. ಕೇಳಿ ಕೇಳಿ ನನ್ನ ಎದೆ ಖರೆಯಾಗಿಯೂ ಡವಗುಟ್ಟಿ, ದವಾಖಾನೆಗೆ ಹೋಗಿ ಬಂದೆ! ಅಲ್ಲಿಗೆ ಎಲ್ಲರಿಗೂ ರೋಗ ಖಾತ್ರಿಯಾಯಿತು.

ಇಳಕಲ್ಲಿನಿಂದ ಬಂದ ನನ್ನ ಸೋದರತ್ತೆ ಮಥುರಾಬಾಯಿಯಂತೂ ಅಡುಗೆಮನೆಯನ್ನೇ ವಶಪಡಿಸಿಕೊಂಡರು. ಚಹಾ ಇಡಲು ಹೋದ ಶುಭದಾಳ ಕೈಯಿಂದ ಪಾತ್ರೆ ಕಿತ್ತುಕೊಂಡು, "ಗಂಡ ಹಿಂಗ ಮಲಗಿದಾಗ ನೀ ಒಲಿ ಮುಂದ ನಿಂತ್ರ ನಾವ್ ಯಾಕ ಬಂದೇವಿ? ಹೋಗು, ಮ್ಯಾಲ ಹೋಗಿ ಕೂತ್ಕೋ" ಎಂದರು. ಉಳಿದ ಹೆಂಗಸರು ಕಸ, ಮುಸುರೆ, ಬಟ್ಟೆ ಹಂಚಿಕೊಂಡರು. ಪಾಪ, ಅವಳು ದಿನವೆಲ್ಲ ಮಾಳಿಗೆಯ ಮೇಲೆ ಒಬ್ಬಳೇ ಆಕಾಶ ನೋಡುತ್ತ ಕೂತುಬಿಡುತ್ತಿದ್ದಳು. ನನಗಾಗಿ ಕೊರಗುತ್ತಿದ್ದಾಳೆಂದು ನನ್ನ ಕರುಳು ಚುರ್ ಎಂದಿತು.

ರಜೆ ಮುಗಿಯುತ್ತ ಬಂತು. ಈ ಜಾತ್ರೆಯ ನಡುವೆ ನಾನು ಒಂದು ಸಾಲೂ ಬರೆದಿರಲಿಲ್ಲ. ನಾಟಕ ಕೈ ತಪ್ಪಿತೆಂದು ಬೆವರುತ್ತ ಕೂತಾಗಲೇ ವಿಕಾಸ ಬಂದ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ, ಅವನು ನನ್ನ ಕೈ ಹಿಡಿದು ಕುಲುಕಿದ. ನಾಟಕದ ಮೊದಲೆರಡು ಅಂಕ ಓದಿ ತಂಡದವರೆಲ್ಲ ಬಿದ್ದು ಬಿದ್ದು ನಕ್ಕರಂತೆ! ಕಡೆಯ ಅಂಕ ಕೈಗೆ ಬಂದರೆ ತಾಲೀಮು ಶುರುವಂತೆ!

"ಯಾವ ನಾಟಕಲೇ?" ಎಂದೆ.

"ಶುಭದಾ ವೈನಿ ಬರದು ಕಳಿಸಿದ್ದು. ಆರಾಮ ಇರೋ ಗಂಡನ್ನ ಮಾತಾಡಸ್ಲಿಕ್ಕೆ ಊರೆಲ್ಲಾ ಬರ್ತದಲ್ಲ, ಅದು."

ನನಗೆ ಸಿಡಿಲು ಬಡಿದಂತಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಇವಳು ಬರೆಯಬಲ್ಲಳೆಂಬುದೇ ಗೊತ್ತಿರಲಿಲ್ಲ! ಮಾಳಿಗೆಗೆ ಓಡಿ, ಮೊದಲೇ ಯಾಕೆ ಬರೆಯಲಿಲ್ಲವೆಂದು ತೊದಲಿದೆ.

"ಖಾಲಿ ಕೂಡ್ಲಿಕ್ಕೆ ಯಾರ್ ಬಿಟ್ಟಿದ್ರು?" ಎಂದಳು.

ಅಷ್ಟರಲ್ಲಿ ಮಥುರಾಬಾಯಿ ಊರಿಗೆ ಹೋಗಲು ಚೀಲ ಹಿಡಿದು ಹೊಸ್ತಿಲ ಬಳಿ ನಿಂತದ್ದು ಮೇಲಿನಿಂದ ಕಂಡಿತು. ಶುಭದಾ ಗಾಬರಿಯಾಗಿ ನನ್ನ ತೋಳು ಹಿಡಿದಳು.

"ಕಡೀ ಅಂಕ ಇನ್ನೂ ಬಾಕಿ ಅದರಿ. ಅತ್ಯಾ ಹೊಂಟಾರ. ಲಗೂನ ಕೆಳಗ ಹೋಗಿ ಮಲಕೋರಿ."

ಹೋದೆ. ತೂಗುಮಂಚ ಹತ್ತಿ, ಜೋರಾಗಿ ಒಮ್ಮೆ ನರಳಿದೆ. ಮಥುರಾಬಾಯಿ ಚೀಲ ಕೆಳಗಿಟ್ಟು ಸೀದಾ ಅಡುಗೆಮನೆಗೆ ನಡೆದರು.