ಗೋಡೆಗೆ ಒರಗಿದವರು

ಗೋಡೆಗೆ ಸ್ನಾನ ಮಾಡಿಸಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಮಾಡಿಸಿದವಳು ರೈಲು ನಿಲ್ದಾಣದ ಕಸ ಗುಡಿಸುವ ಅಕ್ಕ. ಹಳೆಯ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಪಕ್ಕದ ಆ ಗೋಡೆಯ ಮೇಲೆ ನೂರು ವರ್ಷದ ಪ್ರಯಾಣಿಕರೆಲ್ಲ ಇದ್ದರು: ಒರಗಿದ ತಲೆಗಳ ಎಣ್ಣೆ ಜಿಡ್ಡು, ಪೆಟ್ಟಿಗೆಗಳು ಎಳೆದ ಗೀರು, ಕಾದು ಕಾದು ಬೇಸತ್ತವರ ಅಂಗೈ ಗುರುತು. ಊರಿನ ಶಿಲ್ಪಿಯೊಬ್ಬ ಅದಕ್ಕೆ ಮರುಳಾಗಿದ್ದ. ಗೋಡೆಗೆ ರಬ್ಬರ್ ಹಾಲು ಬಳಿದು, ಒಣಗಿದ ಮೇಲೆ ಸುಲಿದರೆ ಜಿಡ್ಡು ಗೀರುಗಳೆಲ್ಲ ಆ ಹಾಳೆಗೇ ಅಂಟಿಕೊಂಡು ಬರುತ್ತವೆ. ಎತ್ತಿ ನಿಲ್ಲಿಸಿದರೆ ನೆನಪಿನದೇ ಒಂದು ಶಿಲ್ಪ! ಪ್ರದರ್ಶನ ನಾಳೆಯೇ. ಇದೂ ಕೈಕೊಟ್ಟರೆ ಅವನು ತನ್ನ ಅಣ್ಣನ ಅಂಗಡಿ ಸೇರಿ ಚಾವಣಿಗೆ ಪ್ಲಾಸ್ಟರ್ ಹೂ ಅಂಟಿಸಬೇಕೆಂದು ಅವನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಬೆಳಗ್ಗೆ ಡಬ್ಬಗಳನ್ನು ಹೊತ್ತು ಬಂದು ನೋಡಿದರೆ, ಗೋಡೆ ಬೆಳ್ಳಗೆ ಫಳಫಳ ಅನ್ನುತ್ತಿದೆ.

“ಅಯ್ಯಯ್ಯೋ, ಏನಕ್ಕಾ ಇದು?”

“ಅಚ್ಚು ತೆಗೀತಾರೆ ಅಂದ್ರಲ್ಲ. ಫೋಟೊ ತೆಗೆಸೋಕೆ ಮುಂಚೆ ಮಕ್ಕಳ ಮುಖ ತೊಳೆಯಲ್ವಾ? ಸೋಡಾ ಹಾಕಿ ತಿಕ್ಕಿ ಸುಣ್ಣ ಹೊಡ್ದೆ. ಗೀರಿಗೆಲ್ಲ ನಮ್ಮ ಹಮಾಲಣ್ಣ ಸಿಮೆಂಟು ಮೆತ್ತಿದ,” ಎಂದಳು ಅಕ್ಕ ಹೆಮ್ಮೆಯಿಂದ.

ಶಿಲ್ಪಿ ಡಬ್ಬದ ಮೇಲೆ ಕುಸಿದು ಕೂತ. ಅಷ್ಟರಲ್ಲಿ ಸ್ಟೇಷನ್ ಮಾಸ್ಟರು ಓಡಿಬಂದರು. “ಮೂರು ಗಂಟೆಗೆ ಹಳೇ ಕಟ್ಟಡಗಳ ಅಧಿಕಾರಿ ಬರ್ತಾರಪ್ಪಾ! ಅವರ ಎದುರಿಗೇ ಅಚ್ಚು ತೆಗೀಬೇಕಂತೆ. ಗೋಡೆ ತೊಳೆದಿದ್ದು ಗೊತ್ತಾದ್ರೆ ನನ್ನ ನೌಕರಿ ಹೋಯ್ತು!”

“ಕೊಳೆ ತಾನೇ ಸಾರ್ ಬೇಕು? ಅದಕ್ಕೇನು ಬರ?” ಎಂದ ಹಮಾಲಿ, ಒಂದು ತಗಡಿನ ಟ್ರಂಕು ಎತ್ತಿ ಗೋಡೆಗೆ ಪರ್ರನೆ ಗೀರಿದ.

ಶಿಲ್ಪಿಯ ಕಣ್ಣು ಅರಳಿತು. ರೈಲು ಹೇಗೂ ತಡ. ಮಾಸ್ಟರು ಧ್ವನಿವರ್ಧಕ ಹಿಡಿದರು: “ಪ್ರಯಾಣಿಕರು ದಯವಿಟ್ಟು ಗಮನಿಸಿ. ಎಲ್ಲರೂ ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ಒರಗಿಕೊಳ್ಳಬೇಕಾಗಿ ವಿನಂತಿ.”

ಜನ ಮುಗಿಬಿದ್ದರು. ಹೆಂಗಸೊಬ್ಬಳು ಚೀಲದಿಂದ ಎಣ್ಣೆ ಸೀಸೆ ತೆಗೆದು ಕಂಡ ಕಂಡವರ ತಲೆಗೆ ಹಚ್ಚಿದಳು. ಎಂಜಿನ್ ರಿಪೇರಿಯವನು ಗ್ರೀಸು ಕೈ ಒತ್ತಿದ. ಪ್ರೇಮಿಗಳಿಬ್ಬರು ಹೃದಯ ಕೆತ್ತಿ, ಬಾಣ ಯಾವ ಕಡೆಯಿಂದ ಬರಬೇಕೆಂದು ಜಗಳಕ್ಕೆ ನಿಂತರು. ಅಕ್ಕ ಪಶ್ಚಾತ್ತಾಪದಿಂದ ಧೂಳೆಬ್ಬಿಸಿದಳು.

“ಅಜ್ಜಾ, ಇನ್ನೂ ಸ್ವಲ್ಪ ಬೇಜಾರಾಗಿ ಒರಗಿ!” ಶಿಲ್ಪಿ ಕುಣಿಯುತ್ತಿದ್ದ.

“ಈ ರೈಲು ಕಾಯೋನಿಗೆ ಬೇಜಾರು ಹೇಳಿಕೊಡ್ತೀಯಾ ಮಗಾ?”

ಮೂರು ಗಂಟೆಯ ಹೊತ್ತಿಗೆ ಗೋಡೆ ಮೊದಲಿಗಿಂತ ಚೆನ್ನಾಗಿ ಹಾಳಾಗಿತ್ತು. ಶಿಲ್ಪಿಗೆ ಸಂತೋಷದಿಂದ ಅಳುವೇ ಬಂತು. ಕೊನೆಗೆ ತನ್ನ ಅಂಗೈಯನ್ನೂ ಒಮ್ಮೆ ಒತ್ತಿದ.

ಅಧಿಕಾರಿ ಬಂದರು. ಭೂತಗನ್ನಡಿ ಹಿಡಿದು ಗೋಡೆಯ ಉದ್ದಗಲ ನೋಡಿದರು, ಮೂಸಿದರು. “ಅದ್ಭುತ! ಆ ಕಾಲದ ಎಣ್ಣೆ ವಾಸನೆ ಕೂಡ ಹಾಗೇ ಇದೆ. ಕನಿಷ್ಠ ನೂರಿಪ್ಪತ್ತು ವರ್ಷದ್ದು!”

ಶಿಲ್ಪಿ ಹಿಗ್ಗಿ ಕುಂಚ ಅದ್ದಿದ.

“ರೀ! ಇಂಥ ಗೋಡೆಗೆ ರಬ್ಬರ್ ಬಳೀತೀರಾ? ಇನ್ಮೇಲೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ.”

ಶಿಲ್ಪಿ ಕುಂಚ ಕೆಳಗಿಟ್ಟ. ಇನ್ನು ನಿಜ ಹೇಳದೆ ದಾರಿಯಿರಲಿಲ್ಲ. “ಮೇಡಂ, ಇದೆಲ್ಲ ಇವತ್ತು ಬೆಳಗ್ಗೆ ನಾವೇ ಮಾಡಿದ್ದು! ಈ ಅಂಗೈ ನಂದೇ, ಬೇಕಾದ್ರೆ ನೋಡಿ!”

“ಅಚ್ಚು ತೆಗೆಯೋ ಆಸೆಗೆ ಏನೆಲ್ಲ ಸುಳ್ಳು ಹೇಳ್ತಾರಪ್ಪ! ಏನ್ರೀ ಮಾಸ್ಟ್ರೇ, ಹೌದಾ?”

ಮಾಸ್ಟರು ಶಿಲ್ಪಿಯ ಮುಖ ನೋಡಿದರು, ತಮ್ಮ ನೌಕರಿ ನೆನೆದರು. “ನಮ್ಮ ತಾತನ ಕಾಲದಿಂದ್ಲೂ ಹೀಗೇ ಇದೆ ಮೇಡಂ.”

ಶಿಲ್ಪಿಯ ಸಪ್ಪೆ ಮುಖ ಕಂಡು ಅಧಿಕಾರಿಗೆ ಕನಿಕರ ಹುಟ್ಟಿತು. “ಬೇಜಾರು ಮಾಡ್ಕೋಬೇಡಿ. ಅಗೋ, ಎದುರುಗಡೆ ಹೊಸ ಗೋಡೆ ಇದೆಯಲ್ಲ, ನಿನ್ನೆ ತಾನೆ ಬಣ್ಣ ಹೊಡೆದಿರೋದು. ಅದರ ಅಚ್ಚು ಎಷ್ಟು ಬೇಕಾದ್ರೂ ತಗೊಳ್ಳಿ.”